ಆಗಸ್ಟ್ ಮೂರು, ಬುಧವಾರ

ಫ್ಯಾನು ನಿಲ್ಲುತ್ತಿದೆ, ಈಗಷ್ಟೇ ಒಂದು ಬೂದು ವೃತ್ತವಾಗಿದ್ದದ್ದು ಮೂರು ರೆಕ್ಕೆಯಾಗಿ ಬೇರೆ ಬೇರೆ ಕಾಣುತ್ತಿದೆ, ಒಂದರ ಅಂಚಿಗೆ ಧೂಳು ಕಪ್ಪಗೆ ಮೆತ್ತಿದೆ, ಇನ್ನೊಂದು ಸುತ್ತು, ಅರ್ಧ ಸುತ್ತು, ನಿಂತಿತು — ಕರೆಂಟು ಹೋಯಿತು, ಒಳಗಿನ ಕೋಣೆಯಲ್ಲಿ ಸ್ಕ್ಯಾನ್ ಮಷೀನು ಗುಂಯ್‌ಗುಡುತ್ತಿದ್ದದ್ದೂ ನಿಂತಿತು, ಗದಗಿನ ಬೀದಿಯೆಲ್ಲ ಒಮ್ಮೆಗೇ ಕಿಟಕಿಯಿಂದ ಒಳಗೆ ಬಂದಂತೆ, ಟಾಂಗಾದ ಗಾಲಿ, ಬೆಟಗೇರಿಗೆ ಹೋಗುವ ಬಸ್ಸಿನ ಹಾರ್ನು, ಯಾರೋ ಯಾರನ್ನೋ ಬೈಯುತ್ತಿರುವುದು. ನರ್ಸು ಬಾಗಿಲಿಗೆ ಬಂದು ಹೇಳಿದಳು, ಕರೆಂಟ್ ಬರೂತನಾ ಯಾರೂ ಏಳಬ್ಯಾಡ್ರಿ, ನೀರು ಕುಡದವ್ರು ಹೊರಗ ಹೋಗಬ್ಯಾಡ್ರಿ, ಹಂಗ ತಡಕೊಂಡು ಕುಂಡ್ರಿ. ತಡಕೊಂಡು. ನನ್ನ ಪಕ್ಕದಲ್ಲಿ ಸುಂದರಾ ತಡೆದುಕೊಂಡು ಕುಳಿತಿದ್ದಾಳೆ, ಆರು ಲೋಟ ನೀರು, ಹೊಟ್ಟೆಯಲ್ಲಿ ನೀರು ತುಂಬಿ ನಿಂತರೆ ಮಾತ್ರ ಗರ್ಭ ಮೇಲೆ ಬಂದು ಮಷೀನಿಗೆ ಕಾಣುತ್ತದಂತೆ, ಕಾಲಿನ ಹೆಬ್ಬೆರಳನ್ನು ಪಕ್ಕದ ಬೆರಳ ಮೇಲೆ ಹತ್ತಿಸಿ ಒತ್ತುತ್ತಿದ್ದಾಳೆ, ಕಾಲುಂಗುರ ನೆಲದ ಫರಸಿಗೆ ತಾಗಿ ಕಿರ್ ಎನ್ನುತ್ತದೆ. ಆಗ್ತದೇನು ಸುಂದರಾ ಎಂದು ಕೇಳಬೇಕು. ಕೇಳಿದರೆ ಅವಳು ನನ್ನ ಮುಖ ನೋಡಬೇಕಾಗುತ್ತದೆ. ಹದಿನಾಲ್ಕು ದಿನದಿಂದ ನೋಡಿಲ್ಲ, ತಾಟಿಗೆ ರೊಟ್ಟಿ ಹಾಕುವಾಗ ರೊಟ್ಟಿ ನೋಡುತ್ತಾಳೆ, ನಾನು ಶಾಲೆಗೆ ಹೊರಟರೆ ಹೊಸ್ತಿಲು ನೋಡುತ್ತಾಳೆ, ಇವತ್ತು ಲಕ್ಷ್ಮೇಶ್ವರದಲ್ಲಿ ಬಸ್ಸು ಹತ್ತಿದಾಗಿನಿಂದ ಶಿರಹಟ್ಟಿ ದಾಟಿ ಗದಗು ಮುಟ್ಟುವವರೆಗೂ ಕಿಟಕಿಯ ಹೊರಗಿನ ಜೋಳದ ಹೊಲ ನೋಡಿದಳು, ಬಸ್ಸು ತಗ್ಗಿಗೆ ಬಿದ್ದಾಗ ಮಾತ್ರ ಎರಡೂ ಕೈ ಹೊಟ್ಟೆಯ ಮೇಲೆ ಬಂದವು, ತಾವಾಗಿ ಬಂದವು, ಬಂದದ್ದು ತಿಳಿದು ನಾಚಿದಂತೆ ಮತ್ತೆ ಕೆಳಗಿಳಿದವು.

ಎದುರಿನ ಬೆಂಚಿನ ಮುದುಕಿ ಮಾತಾಡಿಸುತ್ತಿದ್ದಾಳೆ, ಲಕ್ಕುಂಡಿಯವಳಂತೆ, ಬಾನುಬಿ ಎಂದು ನರ್ಸು ಕರೆದದ್ದು ಕೇಳಿಸಿತು, ಸೊಸೆಯನ್ನು ತೋರಿಸಲು ಬಂದವಳು. ಎಷ್ಟರಾಗ ಅದಿಯವಾ? ಮೂರು ತುಂಬಿತ್ರಿ, ಎಂದಳು ಸುಂದರಾ. ಮೂರು ತುಂಬಿದ್ದು ಕಾಣಂಗಿಲ್ಲಲ್ಲ ತಂಗಿ, ಎಷ್ಟನೇದು? ಮೊದಲನೇದು. ಬಾನುಬಿಯ ಕಣ್ಣು ಸುಂದರಾಳ ಕಿವಿಯ ಹತ್ತಿರದ ಎರಡು ಬಿಳಿ ಕೂದಲಿಗೆ ಹೋಗಿ ಬಂತು, ಮೂವತ್ತಾರು ವಯಸ್ಸು, ಹದಿನಾಲ್ಕು ವರ್ಷದ ಸಂಸಾರ, ಆ ನೋಟ ನಮಗೆ ಹೊಸದಲ್ಲ. ಅಲ್ಲಾ ಕೊಡ್ತಾನ ಬಿಡವಾ, ತಡಾ ಆದ್ರೂ ಕೊಡ್ತಾನ, ಇದರಾಗ ಗಂಡೋ ಹೆಣ್ಣೋ ಹೇಳ್ತಾರಂತ ಖರೆ ಏನು? ಸುಂದರಾ ತಲೆಯಲ್ಲಾಡಿಸಿದಳು, ಗೊತ್ತಿಲ್ಲ ಎಂದೋ, ಬೇಡ ಎಂದೋ. ಹೋದ ಸಲ, ಹದಿನಾಲ್ಕು ದಿನದ ಹಿಂದೆ, ಇದೇ ಬೆಂಚಿನಲ್ಲಿ ವಿರೂಪಾಕ್ಷಪ್ಪ ಇದ್ದ, ನಮ್ಮ ಹೈಸ್ಕೂಲಿನ ಹೆಡ್ ಕ್ಲಾರ್ಕ್, ತನ್ನ ಅಕ್ಕನ ಹೊಟ್ಟೆಯಲ್ಲಿ ಕಲ್ಲಿದೆಯೆಂದು ಕರೆದುಕೊಂಡು ಬಂದಿದ್ದ, ಓಹೋ ಜೋಶಿ ಮಾಸ್ತರ, ಏನು ಶುಭ ಸುದ್ದಿ, ಹೇಳಾಕೂ ಇಲ್ಲ, ಎಂದು ನನ್ನ ಬೆನ್ನು ತಟ್ಟಿದ, ನಾನು ನಕ್ಕೆ, ಆ ನಗು ನನಗೆ ಹಿತವಾಗಿತ್ತು, ಸುಳ್ಳಾಡಲಾರೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬ ಗಂಡಸು ನನ್ನ ಬೆನ್ನು ಹಾಗೆ ತಟ್ಟಿದ್ದು. ಆಮೇಲೆ ಒಳಗೆ ಕರೆದರು. ವಿರೂಪಾಕ್ಷಪ್ಪನೂ ಬಾಗಿಲವರೆಗೆ ಬಂದು ಇಣುಕಿದ, ಹೊಸ ಮಷೀನು, ಎಲ್ಲರಿಗೂ ನೋಡುವ ಆಸೆ. ಕತ್ತಲ ಕೋಣೆ, ಸಣ್ಣ ಪರದೆ, ಅದರಲ್ಲಿ ಬೂದು ಬಣ್ಣದ ಮಳೆ ಬಿದ್ದ ಹಾಗೆ, ಮಳೆಯ ನಡುವೆ ಒಂದು ಕಪ್ಪು ಗೂಡು, ಗೂಡಿನ ಗೋಡೆಗೆ ಆತುಕೊಂಡು ಹುರುಳಿಕಾಳಿನಂಥದು. ಇದs ನೋಡ್ರಿ ಕೂಸು, ಎಂದ ಡಾಕ್ಟರು, ನನಗಿಂತ ಚಿಕ್ಕವನು, ಬೆರಳಿಟ್ಟು ತೋರಿಸಿದ, ಇಲ್ಲೆ ಮಿಣಕ್ ಮಿಣಕ್ ಅನ್ನಾಕತ್ತೈತಲ್ಲ, ಅದು ಎದಿ. ಸ್ವಲ್ಪ ಸಾವಕಾಶ ಐತಿ. ಮತ್ತೆ ಎರಡು ಚುಕ್ಕಿ ಇಟ್ಟು ಅಳೆದ, ಮತ್ತೊಮ್ಮೆ ಅಳೆದ, ಕ್ಯಾಲೆಂಡರ್ ನೋಡಿದ. ನೀವು ಕಡೀ ಮುಟ್ಟಿನಿಂದ ಎಣಿಸಿ ಹತ್ತು ವಾರ ಅಂತೀರಿ, ಇದು ಏಳೂವರಿ ಐತಿ, ಹದಿನಾಲ್ಕು ಮಿಲಿಮೀಟರ್, ಹತ್ತು ವಾರಕ್ಕ ಮೂವತ್ತರ ಮ್ಯಾಲ ಇರಬೇಕು. ತಾರೀಖು ತಪ್ಪಿರಬೇಕು ತಗೋರಿ, ಭಾಳ ಮಂದಿ ತಪ್ಪತಾರ, ಮುಟ್ಟು ಹಿಂದುಮುಂದು ಆಗಿರತೈತಿ, ಕೂಸು ನಿಂತದ್ದು ತಡಾ ಆಗಿರತೈತಿ. ಆಗ ಸುಂದರಾ ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ನೀವು ಹೇಳ್ರಿ, ಎಂಬಂತೆ. ಬಾಗಿಲಲ್ಲಿ ವಿರೂಪಾಕ್ಷಪ್ಪನ ಬಿಳಿ ಅಂಗಿ. ನಾನು ಹೇಳಿದೆ, ಇರಬಹುದ್ರಿ.

ತಾರೀಖು ತಪ್ಪುವುದು ಹೇಗೆ. ಹದಿನಾಲ್ಕು ವರ್ಷ, ತಿಂಗಳಿಗೊಂದರಂತೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಚುಕ್ಕಿ ಇಟ್ಟವಳು ಅವಳು, ಹೊಸ ವರ್ಷ ಬಂದರೂ ಹಳೆ ಕ್ಯಾಲೆಂಡರನ್ನು ಕಪಾಟಿನ ಹಾಳೆಯ ಕೆಳಗೆ ಇಟ್ಟವಳು, ಅಷ್ಟೂ ಚುಕ್ಕಿ ತಪ್ಪದೆ. ಮತ್ತು ಇದಂತೂ ಚುಕ್ಕಿಯ ಮಾತೇ ಅಲ್ಲ. ಇದು ನಿಂತದ್ದು ಆಗಸ್ಟ್ ಮೂರು, ಬುಧವಾರ. ಹುಬ್ಬಳ್ಳಿ. ಬೇರೆಯವರಿಗೆ ಯಾವ ದಿನ ನಿಂತಿತೆಂದು ಯಾರು ಬಲ್ಲರು, ಗಂಡನೂ ಅರಿಯ, ಹೆಂಡತಿಯೂ ಅರಿಯಳು, ನಮಗೆ ಮಾತ್ರ ದಿನ ಗೊತ್ತು, ಗಂಟೆ ಗೊತ್ತು, ಹೊರಗೆ ಜಿಟಿಜಿಟಿ ಮಳೆ ಇತ್ತು ಎಂಬುದೂ ಗೊತ್ತು. ಅಲ್ಲಿಯ ಡಾಕ್ಟರಬಾಯಿ ಮೊದಲೇ ಎಲ್ಲ ಹೇಳಿದ್ದರು — ನನ್ನ ಪರೀಕ್ಷೆಯ ಕಾಗದ ಮೇಜಿನ ಮೇಲಿಟ್ಟು, ಮಾಸ್ತರ, ಸಣ್ಣವರಿದ್ದಾಗ ಮಂಗನಬಾವು ಆಗಿತ್ತೇನು, ಆಗ ಕೆಳಗೂ ಬಾತಿತ್ತೇನು? ಬಾತಿತ್ತು. ಮುಂಡರಗಿಯಲ್ಲಿ ಅಜ್ಜನ ಮನೆ, ನನಗೆ ಹದಿನೈದು, ಕೆನ್ನೆ ಊದಿ, ಜ್ವರ, ಆಮೇಲೆ ಅಲ್ಲಿ ನೋವು, ಅವ್ವನಿಗೆ ಹೇಳಲು ನಾಚಿಕೆ, ಎಂಟು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದೆ, ಎಂಟು ದಿನದಲ್ಲಿ ಎಲ್ಲ ಮುಗಿದಿತ್ತು, ನನಗೆ ತಿಳಿದದ್ದು ಇಪ್ಪತ್ತಮೂರು ವರ್ಷದ ಮೇಲೆ. ನಿಮ್ಮ ವೀರ್ಯದಾಗ ಒಂದೂ ಜೀವ ಇಲ್ಲ, ಎಂದರು ಡಾಕ್ಟರಬಾಯಿ. ಆದರ ದಾರಿ ಅದ. ಬ್ಯಾರೆಯವರದು ತಗೊಂಡು ಹಾಕೋದು, ಓದೋ ಹುಡುಗರು ಇರ್ತಾರ, ನಿಮ್ಮ ರಕ್ತದ ಗುಂಪು, ನಿಮ್ಮ ಬಣ್ಣ ನೋಡಿ ಆರಿಸ್ತೀನಿ, ಅವರು ಯಾರಂತ ನಿಮಗ ಗೊತ್ತಾಗಂಗಿಲ್ಲ, ನೀವು ಯಾರಂತ ಅವರಿಗೂ ಗೊತ್ತಾಗಂಗಿಲ್ಲ, ನಾ ಕಾಗದದಾಗ ಬರಿಯಂಗಿಲ್ಲ, ನೀವೂ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ನಿಮ್ಮ ತಾಯಿ ಮುಂದೂ ಬ್ಯಾಡ. ಆ ರಾತ್ರಿಯಲ್ಲ, ಮರುದಿನವೂ ಅಲ್ಲ, ಎರಡು ತಿಂಗಳ ಮೇಲೆ ನಾನೇ ಸುಂದರಾಳಿಗೆ ಹೇಳಿದೆ, ಆಗಲಿ. ಅವಳು ಕೇಳಿರಲಿಲ್ಲ. ಒಂದು ಸಲವೂ ಕೇಳಿರಲಿಲ್ಲ. ಅದಕ್ಕೇ ಹೇಳಿದೆನೋ ಏನೋ.

ಆ ಬುಧವಾರ ಅವಳನ್ನು ಒಳಗೆ ಕರೆದರು, ನಾನು ಮೆಟ್ಟಿಲ ಕೆಳಗೆ ಛತ್ರಿ ಮಡಚಿಕೊಂಡು ನಿಂತೆ, ಮೇಲಿನಿಂದ ಒಬ್ಬ ಇಳಿದು ಬಂದ, ಇಪ್ಪತ್ತೆರಡು ಇಪ್ಪತ್ತಮೂರರವನು, ನೀಲಿ ಚೌಕಡಿ ಅಂಗಿ, ತಲೆ ಕೂದಲು ಒದ್ದೆ, ನನ್ನ ಮುಂದೆ ನಿಂತು, ಟೈಮ್ ಎಷ್ಟಾತ್ರಿ ಸರ್? ಹತ್ತೂವರೆ, ಎಂದೆ. ಅಯ್ಯೋ ಕ್ಲಾಸ್ ಹೋತು, ಎಂದು ಸೈಕಲ್ ಹತ್ತಿದ. ಕೊಟ್ಟವನು ಅವನೇ ಎಂದು ಹೇಳುವುದು ಹೇಗೆ, ಔಷಧ ಒಯ್ಯಲು ಬಂದವನಿರಬಹುದು, ಮೇಲೆ ಹಲ್ಲಿನ ಡಾಕ್ಟರೂ ಇದ್ದ, ಆದರೆ ಅವನ ಮುಂದಿನ ಎರಡು ಹಲ್ಲು ಸ್ವಲ್ಪ ಬಿಟ್ಟಿದ್ದವು, ಅದು ನೆನಪಿದೆ, ಆಮೇಲೆ ಶಾಲೆಯಲ್ಲಿ ಸಂಸ್ಕೃತ ಪಾಠ ಮಾಡುತ್ತ ಪ್ರತಿ ಹುಡುಗನ ಹಲ್ಲು ನೋಡಿದ್ದೇನೆ, ನಮ್ಮ ಮನೆಯ ಅಂಗಳದಲ್ಲಿ ಹಲ್ಲು ಬಿಟ್ಟ ಒಂದು ಕೂಸು ಅಂಬೆಗಾಲಿಟ್ಟು ಬರುವುದನ್ನೂ ನೋಡಿದ್ದೇನೆ, ಅವ್ವ ಅದನ್ನು ಎತ್ತಿ, ಥೇಟ ನಮ್ಮ ಮಾವನವರ ಮಾರಿ, ಎನ್ನುವುದನ್ನೂ. ತಿರುಗಿ ಬರುವಾಗ ಬಸ್ಸಿನಲ್ಲಿ ಸುಂದರಾ ಮೆಲ್ಲಗೆ ಹೇಳಿದಳು, ನೋಡ್ರಿ, ನಿಂತರ ಇದು ನಿಮ್ಮದು, ನಾ ಸಾಯೂ ಮಟ ಬ್ಯಾರೆ ಮಾತು ನನ್ನ ಬಾಯಾಗಿಂದ ಬರೂದಿಲ್ಲ, ನಿಮ್ಮ ಮನಸಿನಾಗೂ ಬರಬಾರದು. ನಾನು ಹೂಂ ಎಂದೆ. ಹೂಂ ಎನ್ನುವುದು ಎಷ್ಟು ಸುಲಭ.

ನಿಂತಿತು. ಮೊದಲ ಸಲಕ್ಕೇ ನಿಂತಿತು. ಅವಳು ಬಚ್ಚಲಲ್ಲಿ ವಾಂತಿ ಮಾಡಿದಾಗ ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು, ತನ್ನ ಮನೆಗೆ ಮೊಮ್ಮಗ ಬರುತ್ತಾನೆಂದು ಓಣಿಯೆಲ್ಲ ಹೇಳಿ ಬಂದಳು, ಅಪ್ಪ ಪೂಜೆಗೆ ಬಳಸುತ್ತಿದ್ದ ಬೆಳ್ಳಿಯ ಪಂಚಪಾತ್ರೆ ತೆಗೆದು ಹುಣಸೆಹಣ್ಣಿನಿಂದ ತಿಕ್ಕಿದಳು, ದತ್ತೂ, ಇದು ಅವನ ಮುಂಜಿವಿಗೆ. ನನಗೆ ಸಂತೋಷವಾಗಿತ್ತು, ಆಗಿತ್ತು, ಖರೆ ಹೇಳುತ್ತೇನೆ, ಸುಂದರಾ ಉಪ್ಪಿನಕಾಯಿ ಕೇಳಿದಾಗ ಓಡಿಹೋಗಿ ತಂದಿದ್ದೇನೆ. ಮೊದಲ ಸ್ಕ್ಯಾನ್ ಆಗಿ ಮನೆಗೆ ಬಂದು, ಬೆಳವಣಿಗೆ ಸ್ವಲ್ಪ ಕಡಿಮೆ ಅದ ಅಂತಾರ, ತಾರೀಖು ತಪ್ಪಿರಬೇಕಂತ, ಎಂದಾಗ ಅವ್ವ ನಕ್ಕುಬಿಟ್ಟಳು, ಅದs ಮತ್ತ, ಎರಡು ಅಕ್ಷರ ಕಲತು ಉಪಯೋಗ ಏನು, ಎಣಸಲಿಕ್ಕೂ ಬರಂಗಿಲ್ಲೇನ ಸುಂದರಾ? ಸುಂದರಾ ಒಲೆಯ ಮುಂದೆ ಕುಳಿತಿದ್ದಳು, ಬೆನ್ನು ಮಾತ್ರ ಕಾಣುತ್ತಿತ್ತು. ತಪ್ಪಿರಬೇಕ್ರಿ ಅತ್ಯಾ, ಎಂದಳು. ಅವಳು ಅಂದದ್ದು ಅಷ್ಟೇ, ನನ್ನ ಮಾನಕ್ಕಾಗಿ ತನ್ನ ಎಣಿಕೆಯನ್ನು ತಾನೇ ಸುಳ್ಳು ಮಾಡಿದಳು. ಮೂರು ದಿನ ಬಿಟ್ಟು ಹೇಳಿದಳು, ನನಗಲ್ಲ, ಗೋಡೆಗೆ, ವಾಂತಿ ನಿಂತದ. ಅವ್ವ, ನಿಲ್ಲತಾವ, ಮೂರು ತುಂಬತಿದ್ದಂಗ ನಿಲ್ಲತಾವ, ಎಂದು ಹೋಳಿಗೆಗೆ ಬೇಳೆ ನೆನೆಹಾಕಿದಳು. ಸುಂದರಾಳಿಗೆ ಆಗಲೇ ತಿಳಿದಿತ್ತೇ? ಅವತ್ತಿನಿಂದ ಅವಳು ಮಗ್ಗುಲಾಗಿ ಮಲಗುವುದನ್ನು ಬಿಟ್ಟಳು, ಅಂಗಾತ ಮಲಗಿ ತೊಲೆ ನೋಡುತ್ತಾಳೆ. ಹುಬ್ಬಳ್ಳಿಗೆ ಹೋಗಿ ಡಾಕ್ಟರಬಾಯಿಗೆ ತೋರಿಸೋಣು ಎಂದಳು ಒಂದು ಸಲ. ನಾನು, ಗದಗಿನವರು ಎರಡು ವಾರ ಬಿಟ್ಟು ಬಾ ಅಂದಾರಲ್ಲ, ಎಂದೆ. ಹುಬ್ಬಳ್ಳಿಯ ಆ ಮೆಟ್ಟಿಲು ಮತ್ತೆ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಗದಗಿನ ಈ ಡಾಕ್ಟರು ಆವತ್ತು ಇನ್ನೊಂದು ಮಾತೂ ಹೇಳಿದ್ದ, ವಯಸ್ಸು ಮೂವತ್ತಾರಲ್ಲ, ಕೂಸು ಬೆಳೀತಂದ್ರ ಮುಂದಿನ ತಿಂಗಳು ಮುಂಬೈಗೆ ಹೋಗ್ರಿ, ಅಲ್ಲೆ ಸೂಜಿ ಹಾಕಿ ಗರ್ಭದ ನೀರು ತಗದು ನೋಡತಾರ, ಕೂಸಿನ ತಲಿ ಬುದ್ಧಿ ಸರಿ ಐತೋ ಇಲ್ಲೋ ಮೊದಲs ತಿಳೀತೈತಿ. ಸುಂದರಾ ಹೋಗೋಣ ಎಂಬಂತೆ ನೋಡಿದ್ದಳು, ನಾನು ಬಸ್ಸಿನುದ್ದಕ್ಕೂ ಯೋಚಿಸಿದ್ದು ಒಂದೇ, ಆ ನೀರಿನಲ್ಲಿ ಅಪ್ಪ ಯಾರೆಂಬುದೂ ತಿಳಿಯುತ್ತದೆಯೇ, ತಿಳಿದರೆ ಕಾಗದದಲ್ಲಿ ಬರೆಯುತ್ತಾರೆಯೇ. ಕೂಸಿನ ಬುದ್ಧಿಯ ವಿಚಾರ ನನಗೆ ಬರಲೇ ಇಲ್ಲ.

ಮತ್ತೆ ಮೊನ್ನೆ ಸೋಮವಾರ, ಮಹಾಲಯ ಅಮಾವಾಸ್ಯೆ. ಹಿತ್ತಲಲ್ಲಿ ಬಾವಿಯ ಕಟ್ಟೆಗೆ ಕುಳಿತು ತರ್ಪಣ ಬಿಡುತ್ತಿದ್ದೆ, ಎಳ್ಳು, ದರ್ಭೆ, ಅಪ್ಪನ ಹೆಸರು, ಅಜ್ಜನ ಹೆಸರು, ಮುತ್ತಜ್ಜನ ಹೆಸರು, ಗೋತ್ರ ಹೇಳಿ ಹೇಳಿ ನೀರು ಹೆಬ್ಬೆರಳ ಬುಡದಿಂದ ಇಳಿಯುತ್ತದೆ, ನಾನು ಸತ್ತ ಮೇಲೆ ಈ ಸಾಲಿಗೆ ಸೇರುವುದು ನನ್ನ ಹೆಸರು, ಅದನ್ನು ಹೇಳುವವನು ಆ ಹುರುಳಿಕಾಳು, ನೀಲಿ ಚೌಕಡಿ ಅಂಗಿಯವನ ಮಗ ನನ್ನ ಗೋತ್ರ ಹೇಳಿ ನನಗೆ ನೀರು ಬಿಡುತ್ತಾನೆ, ಆ ನೀರು ನನಗೆ ಮುಟ್ಟುತ್ತದೆಯೇ — ಆಗ ಬಂತು, ಒಂದೇ ಒಂದು ಗಳಿಗೆ, ನಾನು ಕರೆದದ್ದಲ್ಲ, ತಾನಾಗಿ ಬಂತು, ಅದು ಬೆಳೆಯದಿದ್ದರೆ ಒಳ್ಳೆಯದು. ಬೆಳೆಯದಿದ್ದರೆ ಒಳ್ಳೆಯದು, ಎಂದು ಪೂರ್ತಿ ವಾಕ್ಯವಾಗಿ, ಪಾಠದ ಪುಸ್ತಕದಲ್ಲಿ ಅಚ್ಚಾದ ಹಾಗೆ. ಎಳ್ಳು ಕಟ್ಟೆಯ ಮೇಲೆ ಚೆಲ್ಲಿತು. ಅವ್ವ ಬಾಗಿಲಿಂದ, ಏನಾತೋ ದತ್ತೂ, ಎಂದಳು. ಏನಿಲ್ಲ.

ಬಂತು, ಬಂತು, ಎಂದು ಬಾನುಬಿ ಕೂಗಿದಳು, ಫ್ಯಾನು ನಡುಗಿ ತಿರುಗತೊಡಗಿತು, ನರ್ಸು ಹೆಸರು ಹಿಡಿದು ಕರೆದಳು, ಸುಂದರಾಬಾಯಿ ಜೋಶಿ. ಸುಂದರಾ ಏಳಲು ಹೋಗಿ ಬಾಗಿಬಿಟ್ಟಳು, ನೀರು ತಡೆದ ಹೊಟ್ಟೆ ಒತ್ತಿ ಹಿಡಿದು, ನಾನು ಕೈ ಚಾಚುವ ಮೊದಲೇ ಬಾನುಬಿ ಎದ್ದು ಅವಳ ರಟ್ಟೆ ಹಿಡಿದಳು, ಸಾವಕಾಶ ನನ್ನವ್ವಾ, ಸಾವಕಾಶ, ಒಳಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿ ಅಲ್ಲಿಯೇ ತಲೆಯ ಹತ್ತಿರ ನಿಂತುಬಿಟ್ಟಳು, ಯಾರೂ ಅವಳನ್ನು ಹೋಗೆನ್ನಲಿಲ್ಲ. ನಾನು ಕಾಲಿನ ಹತ್ತಿರ. ಡಾಕ್ಟರು ಹೊಟ್ಟೆಗೆ ಅಂಟಂಟಾದದ್ದನ್ನು ಸುರಿದ, ಸುಂದರಾ ಚಳಿಗೆ ಉಸಿರೆಳೆದಳು. ಬೂದು ಮಳೆ. ಕಪ್ಪು ಗೂಡು. ಅವನು ಇತ್ತ ಒತ್ತಿದ, ಅತ್ತ ಒತ್ತಿದ, ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ, ಮತ್ತೆ ಒತ್ತಿದ. ಆಮೇಲೆ ನನ್ನ ಕಡೆ ನೋಡಿದ. ಮಾಸ್ತರ, ಇನ್ನೊಮ್ಮೆ ಕೇಳತೀನಿ, ನಿಮ್ಮ ತಾರೀಖು ಖಾತ್ರಿ ಐತೇನ್ರಿ? ಇದು ಎಂಟು ವಾರಕ್ಕೂ ಕಡಿಮಿ ಐತಿ, ತಾರೀಖು ಖಾತ್ರಿ ಇಲ್ಲಂದ್ರ ನಾ ಇನ್ನೊಂದು ವಾರ ತಡೀತೀನಿ. ಬಾನುಬಿ ನನ್ನ ಬಾಯಿ ನೋಡುತ್ತಿದ್ದಳು. ಲಕ್ಕುಂಡಿಯ ಮುದುಕಿ, ನಾಳೆ ನನ್ನ ಹೆಸರೂ ಅವಳಿಗೆ ನೆನಪಿರುವುದಿಲ್ಲ, ಅವಳ ಮುಂದೆ ಹೇಳಿದರೆ ಏನಾಗುತ್ತಿತ್ತು, ಏನೂ ಆಗುತ್ತಿರಲಿಲ್ಲ, ಬಾಯಿ ತೆರೆದೆ, ತೆರೆದ ಬಾಯಿಂದ ಬಂದದ್ದು, ಹೆಂಗಸರ ಲೆಕ್ಕ ನೋಡ್ರಿ, ಹಿಂದುಮುಂದು ಆಗಿರಬಹುದು.

ತಪ್ಪಿಲ್ರಿ. ಸುಂದರಾಳ ದನಿ, ಮೇಲೆ ಚಾವಣಿ ನೋಡುತ್ತ, ತರಗತಿಯಲ್ಲಿ ಎದ್ದು ನಿಂತ ಹುಡುಗಿಯ ಹಾಗೆ. ತಾರೀಖು ತಪ್ಪಿಲ್ರಿ ಡಾಕ್ಟರ. ಆಗಸ್ಟ್ ಮೂರು, ಬುಧವಾರ, ಮುಂಜಾನೆ ಹತ್ತೂವರೆಯಿಂದ ಹನ್ನೊಂದರ ಒಳಗ. ಹುಬ್ಬಳ್ಳಿಯೊಳಗ ಡಾಕ್ಟರಬಾಯಿ ಪಿಚಕಾರಿಯಿಂದ ಒಳಗ ಬಿಟ್ಟಾರ. ಒಮ್ಮೆನೇ. ಅದರ ಹಿಂದೂ ಇಲ್ಲ, ಮುಂದೂ ಇಲ್ಲ. ಡಾಕ್ಟರು ಕೈಯಲ್ಲಿದ್ದದ್ದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. ಹಂಗಾದ್ರ ಕಾಯೋದು ಏನೂ ಉಳಿದಿಲ್ಲ ತಾಯಿ, ಎಂದ. ಎದಿ ನಿಂತೈತಿ. ಹೋದ ಸಲ ನೋಡಿದ ಮ್ಯಾಲ ಎರಡು ಮೂರು ದಿವಸದಾಗs ನಿಂತಿರಬೇಕು, ಅಳತಿ ಅಷ್ಟಕ್ಕ ಉಳಿದೈತಿ. ಎರಡು ಮೂರು ದಿನ. ಅಂದರೆ ಅಕ್ಟೋಬರ್ ಒಂದು, ಎರಡು. ಅಮಾವಾಸ್ಯೆ ಹತ್ತಕ್ಕೆ. ಎಂಟು ದಿನ ಮೊದಲೇ, ಹಾಗಾದರೆ ನಾನಲ್ಲ, ನಾನು ಅಂದುಕೊಳ್ಳುವ ಮೊದಲೇ — ಎದೆಯ ಮೇಲಿಂದ ಕಲ್ಲು ಇಳಿದಂತೆ ಹಗುರಾಯಿತು, ಹಗುರಾದದ್ದು ತಿಳಿದು ಮೈಯೆಲ್ಲ ಹೇಸಿತು, ಅವಳು ಹನ್ನೊಂದು ದಿನ ಸತ್ತದ್ದನ್ನು ಹೊತ್ತು ನನಗೆ ರೊಟ್ಟಿ ಬಡಿದಿದ್ದಾಳೆ, ನಾನು ಇಲ್ಲಿ ನಿಂತು ತಾರೀಖು ಎಣಿಸುತ್ತಿದ್ದೇನೆ. ಸುಂದರಾ ಕೇಳಿದಳು, ಆವತ್ತ ಹೇಳಿದ್ರ ಉಳೀತಿತ್ತೇನ್ರಿ? ಇಲ್ಲವಾ, ಮೊದಲಿಂದs ಅದು ಸರಿಯಾಗಿ ಕೂಡಿರಲಿಲ್ಲ, ಯಾರೂ ಏನೂ ಮಾಡಾಕ ಬರ್ತಿರಲಿಲ್ಲ. ಆದರ ಆವತ್ತ ತಾರೀಖು ಗೊತ್ತಿದ್ರ ನಾ ನಿಮಗ ಆಸೆ ಹಚ್ಚಿ ಕಳಸ್ತಿರಲಿಲ್ಲ. ನಾಳೆ ಮುಂಜಾನೆ ಏನೂ ತಿನ್ನದ ಬರ್ರಿ, ಗರ್ಭ ಸ್ವಚ್ಛ ಮಾಡಬೇಕು, ಬಿಟ್ಟರ ನಂಜು ಆಗತೈತಿ. ಕಾಗದ ಎಳೆದುಕೊಂಡು ಬರೆಯತೊಡಗಿದ, ಬರೆಯುತ್ತ, ತಲೆ ಎತ್ತದೆ, ಅದು ಯಜಮಾನರದs ಏನ್ರಿ, ಇಲ್ಲಾ ಬ್ಯಾರೆಯವರದು? ಮುಂದ ನಿಮಗ ಔಷಧ ಕೊಡೋರಿಗೆ ಗೊತ್ತಿರಬೇಕು, ಅದಕ್ಕ ಕೇಳತೀನಿ. ಬಾನುಬಿಯ ಕೈ ಸುಂದರಾಳ ಹಣೆಯ ಮೇಲೆ ನಿಂತಿತು. ಈಗ ಸುಂದರಾ ನನ್ನ ಮುಖ ನೋಡಿದಳು. ಹದಿನಾಲ್ಕು ದಿನದ ಮೇಲೆ, ನೇರವಾಗಿ, ಕೋಪವಿಲ್ಲ, ಕೋಪವಿದ್ದಿದ್ದರೆ ನಾನು ಬದುಕುತ್ತಿದ್ದೆ, ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತನನ್ನು ನೋಡಿದ ಹಾಗೆ ನೋಡಿ, ಡಾಕ್ಟರನ ಕಡೆ ತಿರುಗಿ ಹೇಳಿದಳು, ಇವರದs ರೀ.

ನಾನು ಏನೋ ಹೇಳಬೇಕು. ಡಾಕ್ಟರು ಬರೆದುಕೊಂಡ, ನರ್ಸು ದೀಪ ಹಾಕಿದಳು, ಬಾನುಬಿ ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡು ಬಾಗಿಲ ಕಡೆ ನಡೆದಳು, ಸುಂದರಾ ಎದ್ದು ಕುಳಿತಿದ್ದಾಳೆ, ಹೊಟ್ಟೆಯ ಮೇಲೆ ಆ ಅಂಟು ಹೊಳೆಯುತ್ತಿದೆ, ನಾನು ಜೇಬಿನಿಂದ ಕರವಸ್ತ್ರ ತೆಗೆದು ಚಾಚಿದೆ, ಬ್ಯಾಡ್ರಿ, ಎಂದಳು, ಸೆರಗಿನ ತುದಿ ಹಿಡಿದು ತಾನೇ ಒರೆಸಿಕೊಳ್ಳುತ್ತಿದ್ದಾಳೆ, ಹೊಕ್ಕುಳಿಂದ ಕೆಳಗೆ, ಎಡದಿಂದ ಬಲಕ್ಕೆ, ಅಂಟೆಲ್ಲ ಹೋಯಿತು, ಚರ್ಮ ಒಣಗಿತು, ಹೋತು ಬಿಡ್ರಿ ಬಾಯಾರ, ಎಂದಳು ನರ್ಸು, ಅವಳಿಗೆ ಕೇಳಿಸಲಿಲ್ಲ, ಒರೆಸುತ್ತಿದ್ದಾಳೆ, ಚರ್ಮ ಕೆಂಪಾಗುತ್ತಿದೆ, ಆ ಕೈ ಹಿಡಿಯಬೇಕು, ಹಿಡಿಯಲು ನನ್ನ ಕೈ ಏಳುತ್ತಿಲ್ಲ, ಅವಳು ಸೆರಗು ಮಡಚಿ ಒಣಗಿದ ಮಗ್ಗುಲು ಮೇಲೆ ಮಾಡಿಕೊಂಡಳು, ಒರೆಸುತ್ತಿದ್ದಾಳೆ, ಎಡದಿಂದ ಬಲಕ್ಕೆ, ಒರೆಸುತ್ತಿದ್ದಾಳೆ —